ಸರೌಂಡ್ ಸ್ಪೀಕರ್‌ಗೆ ಉಳಿದಿರುವ ದುಡ್ಡು ಕಡಿಮೆ, ಏನು ತಗೊಳ್ಳಲಿ?

ಪ್ರಶ್ನೆ: ನಮ್ಮ ಹಾಲ್ 11 ಅಡಿ ಅಗಲ, 14 ಅಡಿ ಉದ್ದ. ಟಿವಿ ಒಂದು ತುದಿಯಲ್ಲಿದೆ, ಸೋಫಾ ಎದುರು ಗೋಡೆಗೆ ಒತ್ತಿಕೊಂಡೇ ಇದೆ. ರಿಸೀವರ್ (ಎಲ್ಲ ಸ್ಪೀಕರ್‌ಗಳನ್ನು ಓಡಿಸುವ ಪೆಟ್ಟಿಗೆ), ಮುಂದಿನ ಎರಡು ಬುಕ್‌ಶೆಲ್ಫ್ ಸ್ಪೀಕರ್, ಅದೇ ಸೀರೀಸ್‌ನ ಸೆಂಟರ್, ಒಂದು ಸಬ್‌ವೂಫರ್ ಈಗಾಗಲೇ ಇವೆ. ಸರೌಂಡ್‌ಗೆ, ಅಂದರೆ ಪಕ್ಕದಿಂದ ಸದ್ದು ಕೊಡುವ ಜೋಡಿಗೆ, ಉಳಿದಿರುವ ದುಡ್ಡು ತುಂಬಾ ಕಡಿಮೆ. ಸರೌಂಡ್ ಕೂಡ ಅದೇ ಕಂಪನಿಯದ್ದೇ ಬೇಕಾ? ಬೈಪೋಲ್ ಒಳ್ಳೆಯದು ಅಂತಾರೆ, ನಿಜವಾ? ವೈರ್‌ಲೆಸ್ ತಗೊಂಡರೆ ಹೇಗೆ? ಅಥವಾ ಸ್ವಲ್ಪ ಕಾದು ಒಂದೇ ಸಲ 7.1 (ಏಳು ಸ್ಪೀಕರ್, ಒಂದು ಸಬ್‌ವೂಫರ್) ಮಾಡಿಕೊಳ್ಳಲಾ?

ಉತ್ತರ: ಮೊದಲು ನೇರವಾಗಿ ಹೇಳಿಬಿಡುತ್ತೇನೆ. 4 ಅಥವಾ 5 ಇಂಚಿನ ವೂಫರ್ (ಕೆಳಗಿನ ಸ್ವರ ನುಡಿಸುವ ಭಾಗ) ಇರುವ ಸಾಧಾರಣ ಬುಕ್‌ಶೆಲ್ಫ್ ಸ್ಪೀಕರ್ ಒಂದು ಜೋಡಿ ತಗೊಳ್ಳಿ. ಸೆಕೆಂಡ್ ಹ್ಯಾಂಡ್‌ನಲ್ಲಿ ಸಿಕ್ಕರೆ ಇನ್ನೂ ಒಳ್ಳೆಯದು. ವೈರ್ ಎಳೆಯಿರಿ. ಸೋಫಾದ ಎರಡೂ ಪಕ್ಕದ ಗೋಡೆಗೆ, ಕಿವಿಗಿಂತ ಸ್ವಲ್ಪ ಮೇಲೆ ಹಾಕಿ. 7.1 ಈ ಹಾಲ್‌ಗೆ ಬೇಡವೇ ಬೇಡ. ಸ್ಪೀಕರ್ ಎಲ್ಲಿ ಕೂರುತ್ತದೆ ಅನ್ನುವುದನ್ನು ಮೊದಲು ತೀರ್ಮಾನ ಮಾಡಿ, ಆಮೇಲೆ ಆ ಜಾಗಕ್ಕೆ ಹೊಂದುವ ಸ್ಪೀಕರ್ ಹುಡುಕಿ. ಹೆಚ್ಚಿನವರು ಮೊದಲು ಡಬ್ಬಿ ಮನೆಗೆ ತಂದು, ಆಮೇಲೆ ಎಲ್ಲಿ ನೇತು ಹಾಕುವುದು ಅಂತ ಗೋಡೆ ನೋಡುತ್ತಾರೆ. ದುಡ್ಡು ದಂಡ ಆಗುವುದು ಅಲ್ಲೇ.

ಈಗ ಒಂದೊಂದಾಗಿ ನೋಡೋಣ.

ಅದೇ ಕಂಪನಿ ಬೇಕಾ ಅನ್ನುವ ಪ್ರಶ್ನೆ ಎಲ್ಲರೂ ಕೇಳುತ್ತಾರೆ. ಮುಂದಿನ ಮೂರಕ್ಕೆ ಬೇಕು. ಒಂದು ಕಾರು ಪರದೆಯ ಎಡದಿಂದ ಬಲಕ್ಕೆ ಹೋಗುವಾಗ ಸದ್ದು ಎಡ ಸ್ಪೀಕರ್‌ನಿಂದ ಸೆಂಟರ್‌ಗೆ, ಅಲ್ಲಿಂದ ಬಲಕ್ಕೆ ಹೋಗುತ್ತದೆ. ಮಧ್ಯದಲ್ಲಿ ಸ್ವರ ಬದಲಾದರೆ ತಕ್ಷಣ ಕಿವಿಗೆ ಬೀಳುತ್ತದೆ. ನಿಮ್ಮ ಹತ್ತಿರ ಮೂರೂ ಒಂದೇ ಸೀರೀಸ್‌ನವು, ಆ ಚಿಂತೆ ಮುಗಿಯಿತು. ಸರೌಂಡ್ ಚಾನೆಲ್‌ನ ಕೆಲಸ ಬೇರೆ. ಸಿನಿಮಾದ ಮಾತು ಬಹುಪಾಲು ಸೆಂಟರ್‌ನಲ್ಲೇ ಬರುತ್ತದೆ. ಪಕ್ಕದಲ್ಲಿ ಬರುವುದು ಮಳೆ, ಜನಜಂಗುಳಿ, ದೊಡ್ಡ ಕಟ್ಟಡದೊಳಗಿನ ಪ್ರತಿಧ್ವನಿ, ಹಿನ್ನೆಲೆ ಸಂಗೀತದ ಒಂದು ಪಾಲು, ಆಗಾಗ ತಲೆ ಮೇಲೆ ಹಾದು ಹೋಗುವ ಹೆಲಿಕಾಪ್ಟರ್. ಮಳೆಯ ಸದ್ದಿನಲ್ಲಿ ಎರಡು ಕಂಪನಿಗಳ ಟ್ವೀಟರ್ (ಮೇಲಿನ ಸ್ವರ ನುಡಿಸುವ ಭಾಗ) ನಡುವಿನ ಸಣ್ಣ ವ್ಯತ್ಯಾಸ ಹುಡುಕುವುದು ಬಹಳ ಕಷ್ಟ. ಮನುಷ್ಯನ ಧ್ವನಿಯಲ್ಲಿ ಅದು ಸುಲಭ. ಹಾಗಾಗಿ ಸರೌಂಡ್ ಬೇರೆ ಕಂಪನಿಯದ್ದಾದರೂ ನಡೆಯುತ್ತದೆ. ತೀರಾ ಚೂಪಾದ, ಕಿವಿಗೆ ಚುಚ್ಚುವ ಟ್ವೀಟರ್ ಇರುವುದನ್ನು ಮಾತ್ರ ಬಿಡಿ. ಪಕ್ಕದಲ್ಲಿ ಅಂಥದ್ದು ಇದ್ದರೆ ಗಮನ ಪದೇಪದೇ ಪರದೆಯಿಂದ ಆಚೆ ಹೋಗುತ್ತದೆ. ನೀವು ಮಲ್ಟಿಚಾನೆಲ್ ಸಂಗೀತ ಜಾಸ್ತಿ ಕೇಳುವವರಾದರೆ ಲೆಕ್ಕ ಬೇರೆ. ಅಲ್ಲಿ ಹಿಂದಿನಿಂದ ಇಡೀ ವಾದ್ಯವೇ ಬರಬಹುದು, ಆಗ ಅದೇ ಸೀರೀಸ್ ಇದ್ದರೆ ಚೆನ್ನ.

ಹಾಗಂತ ಸರೌಂಡ್‌ಗೆ ಅಂಗೈ ಅಗಲದ ಪುಟ್ಟ ಡಬ್ಬಿ ಸಾಕು ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಆ ಮಾತು ಒಂದು ಕಾಲಕ್ಕೆ ನಿಜ ಇತ್ತು. 1987ರಲ್ಲಿ ಬಂದ ಡಾಲ್ಬಿ ಪ್ರೊ ಲಾಜಿಕ್ ಅನ್ನುವ ಸರೌಂಡ್ ಪದ್ಧತಿಯಲ್ಲಿ ಸರೌಂಡ್ ಅನ್ನುವುದು ಒಂದೇ ಚಾನೆಲ್. ಎರಡು ಸ್ಪೀಕರ್ ಹಾಕಿದರೂ ಎರಡರಲ್ಲೂ ಅದೇ ಸದ್ದು, ಅದೂ ಸುಮಾರು 7,000 ಹರ್ಟ್ಸ್‌ಗಿಂತ ಮೇಲಿನದು ಕತ್ತರಿಸಿ ಹೋಗುತ್ತಿತ್ತು. ಕೆಳಗಿನ ಬೇಸ್ ಕೂಡ ಇರುತ್ತಿರಲಿಲ್ಲ. ಅದಕ್ಕೆ ಯಾವ ಸಣ್ಣ ಸ್ಪೀಕರ್ ಆದರೂ ಸಾಕಾಗುತ್ತಿತ್ತು. 1992ರಲ್ಲಿ ಸಿನಿಮಾ ಮಂದಿರಕ್ಕೆ ಡಾಲ್ಬಿ ಡಿಜಿಟಲ್ ಬಂತು, ಆಮೇಲೆ ಡಿವಿಡಿ ಜೊತೆ ಮನೆಮನೆಗೂ ಬಂತು. ಅಲ್ಲಿಂದ ಎರಡು ಸರೌಂಡ್ ಚಾನೆಲ್‌ಗಳೂ ಬೇರೆ ಬೇರೆ, ಎರಡೂ ಮುಂದಿನವುಗಳಷ್ಟೇ ಪೂರ್ತಿ. ಕಾಲ ಬದಲಾಗಿ ಮೂವತ್ತು ವರ್ಷ ದಾಟಿತು, ಸಲಹೆ ಮಾತ್ರ ಹಳೆಯದೇ ಉಳಿದಿದೆ.

ಪುಟ್ಟ ಡಬ್ಬಿಯ ತೊಂದರೆ ಏನು ಗೊತ್ತಾ? ಎರಡೂವರೆ ಅಥವಾ ಮೂರು ಇಂಚಿನ ಡ್ರೈವರ್ (ಸದ್ದು ಹೊರಡಿಸುವ ಭಾಗ) ಸುಮಾರು 150 ಹರ್ಟ್ಸ್‌ಗಿಂತ ಕೆಳಗೆ ಸುಸ್ತಾಗಿಬಿಡುತ್ತದೆ. ಅದರ ಕೆಳಗಿನ ಕೆಲಸ ಎಲ್ಲ ಸಬ್‌ವೂಫರ್ ಮಾಡಬೇಕು. ಸಾಮಾನ್ಯವಾಗಿ 80 ಹರ್ಟ್ಸ್‌ಗಿಂತ ಕೆಳಗಿನ ಸದ್ದು ಎಲ್ಲಿಂದ ಬಂತು ಅಂತ ಕಿವಿಗೆ ಗೊತ್ತಾಗುವುದಿಲ್ಲ, ಅದಕ್ಕೇ ಸಬ್‌ವೂಫರ್ ಅನ್ನು ಮೂಲೆಯಲ್ಲಿಟ್ಟರೂ ನಡೆಯುತ್ತದೆ. ಆದರೆ ಅದಕ್ಕೆ 150 ಹರ್ಟ್ಸ್‌ವರೆಗೂ ಕೆಲಸ ಕೊಟ್ಟರೆ ಅದು ಇರುವ ಜಾಗ ಗೊತ್ತಾಗಿಬಿಡುತ್ತದೆ. ನಿಮ್ಮ ಎಡಗಡೆ ಬಾಗಿಲು ಧಡ್ ಅಂತ ಮುಚ್ಚುವ ಸದ್ದು ಬರಬೇಕು. ಅದರ ಚಟಪಟ ಭಾಗ ಎಡದಿಂದ ಬರುತ್ತದೆ, ತೂಕದ ಭಾಗ ಟಿವಿ ಪಕ್ಕದ ಮೂಲೆಯಿಂದ ಬರುತ್ತದೆ. ಸದ್ದು ಎರಡು ತುಂಡಾಗುತ್ತದೆ. 4 ಇಂಚಿನ ವೂಫರ್ ಸುಮಾರು 100 ಹರ್ಟ್ಸ್‌ವರೆಗೆ, 5 ಇಂಚಿನದು 80ರವರೆಗೆ ಆರಾಮಾಗಿ ಇಳಿಯುತ್ತದೆ. ನಾನು 4ಕ್ಕಿಂತ ಕಡಿಮೆ ಬೇಡ ಅನ್ನುವುದು ಇದಕ್ಕೇ. ಆರೂವರೆ ಇಂಚಿನದು ಸರೌಂಡ್‌ಗೆ ಅಗತ್ಯವಿಲ್ಲ, ಗೋಡೆ ಮೇಲೆ ಭಾರವೂ ಜಾಸ್ತಿ.

ಈಗ ನಿಮ್ಮ ಸೋಫಾ ವಿಷಯ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ, ಯಾಕಂದರೆ ನಿಮ್ಮ ಹಾಲ್‌ನಲ್ಲಿ ಎಲ್ಲವೂ ಇದರ ಮೇಲೆ ನಿಂತಿದೆ.

5.1ಕ್ಕೆ (ಐದು ಸ್ಪೀಕರ್, ಒಂದು ಸಬ್‌ವೂಫರ್) ಸರೌಂಡ್ ಸ್ಪೀಕರ್ ಇಡಬೇಕಾದ ಕೋನ, ಟಿವಿಯ ನೇರ ದಿಕ್ಕನ್ನು ಸೊನ್ನೆ ಅಂತ ಇಟ್ಟುಕೊಂಡರೆ, ಡಾಲ್ಬಿ ಹೇಳುವಂತೆ 90ರಿಂದ 110 ಡಿಗ್ರಿ. ಅಂದರೆ ನಿಮ್ಮ ನೇರ ಪಕ್ಕಕ್ಕೆ, ಇಲ್ಲವೇ ಅದಕ್ಕಿಂತ ಸ್ವಲ್ಪ ಹಿಂದೆ. ಬೆನ್ನ ಹಿಂದೆ ಅಲ್ಲ! ತುಂಬಾ ಜನ ಎರಡನ್ನೂ ಹಿಂದಿನ ಗೋಡೆಯ ಮೂಲೆಗೆ, ಅದೂ ಸೀಲಿಂಗ್‌ಗೆ ತಾಗಿಸಿ ನೇತು ಹಾಕುತ್ತಾರೆ. ಆಗ ಸದ್ದು ಸುತ್ತಲಿಂದ ಬರುವ ಬದಲು ಹಿಂದಿನ ಮೇಲ್ಭಾಗದಿಂದ ಬರುತ್ತದೆ. ನಿಮಗೆ ಹಿಂದೆ ಜಾಗವೇ ಇಲ್ಲ, ಅದರಿಂದ ನಷ್ಟವೂ ಏನಿಲ್ಲ. ಪಕ್ಕದ ಗೋಡೆಗಳು ನಿಮಗೆ ಬೇಕಾದ ಕಡೆಯೇ ಇವೆ.

ಆಗುವುದಾದರೆ ಸೋಫಾವನ್ನು ಒಂದು, ಒಂದೂವರೆ ಅಡಿ ಮುಂದೆ ಎಳೆಯಿರಿ. ತಲೆ ಗೋಡೆಗೆ ಅಂಟಿಕೊಂಡಿದ್ದರೆ ಬೇಸ್ ಜಾಸ್ತಿ ಊದಿಕೊಂಡು ಕೇಳಿಸುತ್ತದೆ, ಹಿಂದಿನ ಗೋಡೆಗೆ ಬಡಿದು ಬರುವ ಸದ್ದು ತಕ್ಷಣ ಕಿವಿಗೆ ಬೀಳುತ್ತದೆ. ದಿನವಿಡೀ ಎಳೆದೇ ಇಡಬೇಕಾಗಿಲ್ಲ, ಸಿನಿಮಾ ನೋಡುವಾಗ ಎಳೆದರೂ ಸಾಕು. ಒಂದು ಪೈಸೆ ಖರ್ಚಿಲ್ಲದೆ ಇಷ್ಟು ಬದಲಾವಣೆ ಕೊಡುವ ಕೆಲಸ ಇನ್ನೊಂದಿಲ್ಲ.

ಇನ್ನು ಅಂಚಿನಲ್ಲಿ ಕೂರುವವರ ಪಾಡು. 11 ಅಡಿ ಅಗಲದಲ್ಲಿ ಮಧ್ಯ ಕೂತವರಿಗೆ ಎರಡೂ ಸ್ಪೀಕರ್ ಐದೂವರೆ ಅಡಿ ದೂರ. ಸೋಫಾದ ಒಂದು ಅಂಚಿನಲ್ಲಿ ಕೂತವರಿಗೆ ಹತ್ತಿರದ ಸ್ಪೀಕರ್ 3 ಅಡಿ, ಆ ಕಡೆಯದು 8 ಅಡಿ. ಗೋಡೆಗೆ ಬಡಿದು ಬರುವ ಸದ್ದು ಬಿಟ್ಟು ಲೆಕ್ಕ ಹಾಕಿದರೆ ಹತ್ತಿರದ್ದು 8 ಡೆಸಿಬಲ್‌ಗಿಂತ ಜಾಸ್ತಿ ಜೋರು. ಪಾಪ, ಅವರಿಗೆ ಸಿನಿಮಾ ಒಂದು ಕಿವಿಯಲ್ಲೇ ನಡೆಯುತ್ತದೆ. ಇದಕ್ಕೆ ಎರಡು ಉಪಾಯ ಇವೆ. ಸ್ಪೀಕರ್ ಅನ್ನು ಕೂತವರ ಕಿವಿಗಿಂತ ಒಂದೂವರೆಯಿಂದ ಎರಡು ಅಡಿ ಮೇಲೆ ಹಾಕಿ, ಅಂದರೆ ನೆಲದಿಂದ ಸುಮಾರು 5 ಅಡಿ. ಆಮೇಲೆ ಅದರ ಮುಖವನ್ನು ಹತ್ತಿರ ಕೂತವರ ಕಡೆ ಬಗ್ಗಿಸದೆ, ಎದುರು ಅಂಚಿನಲ್ಲಿ ಕೂತವರ ಕಡೆ ತಿರುಗಿಸಿ. ಹತ್ತಿರದವರು ಸ್ಪೀಕರ್‌ನ ನೇರದಿಂದ ಆಚೆ ಬೀಳುತ್ತಾರೆ, ಅವರಿಗೆ ಮೇಲಿನ ಸ್ವರಗಳು ತಗ್ಗುತ್ತವೆ. ದೂರದವರಿಗೆ ನೇರ ಸದ್ದು ಸಿಗುತ್ತದೆ. ವ್ಯತ್ಯಾಸ ಪೂರ್ತಿ ಹೋಗುವುದಿಲ್ಲ, ಆದರೆ ಮೂರು ಜನ ಕೂತು ನೋಡುವಂತೆ ಆಗುತ್ತದೆ.

ಡ್ರಿಲ್ ಹಿಡಿಯುವ ಮೊದಲು ಒಂದು ಕೆಲಸ ಮಾಡಿ. ಎತ್ತರದ ಸ್ಟೂಲ್ ಮೇಲೆ ಗಟ್ಟಿ ಡಬ್ಬಿ ಪೇರಿಸಿ, ಅದರ ಮೇಲೆ ಸ್ಪೀಕರ್ ಇಟ್ಟು ಕೆಲವು ದಿನ ಹಾಗೇ ನೋಡಿ. ಅರ್ಧ ಅಡಿ ಮುಂದೆ, ಅರ್ಧ ಅಡಿ ಹಿಂದೆ ಸರಿಸಿ. ಗೋಡೆಯಲ್ಲಿ ತೂತು ಒಂದೇ ಸಲ ಬೀಳಲಿ.

ಬೈಪೋಲ್, ಡೈಪೋಲ್ ಬಗ್ಗೆ ಕೇಳಿದ್ದೀರಿ. ಇವುಗಳಲ್ಲಿ ಒಂದೇ ಡಬ್ಬಿಯ ಎರಡು ಮುಖಕ್ಕೆ ಎರಡು ಜೊತೆ ಡ್ರೈವರ್ ಇರುತ್ತವೆ. ಬೈಪೋಲ್‌ನಲ್ಲಿ ಎರಡೂ ಒಟ್ಟಿಗೆ ಮುಂದೆ ತಳ್ಳುತ್ತವೆ, ಡೈಪೋಲ್‌ನಲ್ಲಿ ಒಂದು ತಳ್ಳಿದಾಗ ಇನ್ನೊಂದು ಎಳೆಯುತ್ತದೆ, ಹಾಗಾಗಿ ನೇರ ಪಕ್ಕದಲ್ಲಿ ಕೂತವರಿಗೆ ಸದ್ದು ಗೋಡೆಗಳಿಗೆ ಬಡಿದು ಹರಡಿಕೊಂಡೇ ಬರುತ್ತದೆ. ಸರೌಂಡ್ ಒಂದೇ ಚಾನೆಲ್ ಆಗಿದ್ದ ದಿನಗಳಲ್ಲಿ ಡೈಪೋಲ್ ತುಂಬಾ ಉಪಯೋಗಕ್ಕೆ ಬಂತು. ಈಗಲೂ ಕೇಳುವವರು ಸ್ಪೀಕರ್‌ಗೆ ತೀರಾ ಹತ್ತಿರ ಇದ್ದರೆ ಬೈಪೋಲ್ ಒಳ್ಳೆಯ ಉತ್ತರವೇ. ನಿಮ್ಮ ಅಂಚಿನ ಸೀಟಿಗೆ ಅದು ಸಹಾಯ ಮಾಡುತ್ತದೆ, ಇಲ್ಲ ಅನ್ನಲ್ಲ. ಆದರೆ ದುಡ್ಡಿನ ಲೆಕ್ಕ ನೋಡಿ. ಅದೇ ಬೆಲೆಯಲ್ಲಿ ಎರಡರ ಬದಲು ನಾಲ್ಕು ಡ್ರೈವರ್ ಕೊಡಬೇಕಾದರೆ ಒಂದೊಂದೂ ಅಗ್ಗದ್ದೇ ಆಗಿರುತ್ತದೆ. ಕಡಿಮೆ ದುಡ್ಡಿನಲ್ಲಿ ಒಂದು ಒಳ್ಳೆಯ ವೂಫರ್, ಒಂದು ಒಳ್ಳೆಯ ಟ್ವೀಟರ್ ಇರುವ ಸಾಮಾನ್ಯ ಸ್ಪೀಕರ್ ನನ್ನ ಆಯ್ಕೆ.

ಡಬ್ಬಿ ಮೇಲೆ ಏನು ಓದಬೇಕು? ದೊಡ್ಡ ಅಕ್ಷರದ ವ್ಯಾಟ್ ನಂಬರ್ ಮರೆತುಬಿಡಿ. ಪಿಎಂಪಿಒ (ಕ್ಷಣಮಾತ್ರದ ಗರಿಷ್ಠ ಪವರ್) ಅಂತ ಬರೆದಿದ್ದರಂತೂ ಅದಕ್ಕೆ ಅರ್ಥವೇ ಇಲ್ಲ. ಓಮ್ (ಸ್ಪೀಕರ್‌ನ ತಡೆ) ನೋಡಿ: 8 ಅಥವಾ 6 ಇದ್ದರೆ ಯಾವ ರಿಸೀವರ್ ಆದರೂ ಓಡಿಸುತ್ತದೆ. 4 ಅಂತ ಇದ್ದರೆ ನಿಮ್ಮ ರಿಸೀವರ್‌ನ ಮ್ಯಾನುಯಲ್ ನೋಡದೆ ತಗೊಳ್ಳಬೇಡಿ. ಹಳೆಯ ಹೋಮ್ ಥಿಯೇಟರ್ ಸೆಟ್‌ನಿಂದ ಬಿಡಿಯಾಗಿ ಮಾರುವ ಪುಟ್ಟ ಸ್ಪೀಕರ್‌ಗಳಲ್ಲಿ 3 ಓಮ್‌ನವು ಇರುತ್ತವೆ, ಅವುಗಳ ಪ್ಲಗ್ ಕೂಡ ಬೇರೆ ಥರ. ಅವು ಬೇಡ. ಆಮೇಲೆ ಸೆನ್ಸಿಟಿವಿಟಿ, ಅಂದರೆ ಅಷ್ಟೇ ಪವರ್ ಕೊಟ್ಟರೆ ಎಷ್ಟು ಜೋರು ಅನ್ನುವುದು. ಮುಂದಿನ ಸ್ಪೀಕರ್ 88, ಸರೌಂಡ್ 85 ಡೆಸಿಬಲ್ ಅಂತ ಇದ್ದರೆ ಅದೇ ಜೋರಿಗೆ ಸರೌಂಡ್‌ಗೆ ಎರಡರಷ್ಟು ಪವರ್ ಬೇಕು. ಕೇಳಲು ಭಯ ಆಗುತ್ತದೆ, ಆದರೆ ಸರೌಂಡ್ ನಿಮಗೆ ಹತ್ತಿರ ಇರುತ್ತದೆ, ಅದರ ಕೆಲಸವೂ ಕಡಿಮೆ, ಉಳಿದಿದ್ದನ್ನು ರಿಸೀವರ್‌ನ ಲೆವೆಲ್ ಸೆಟ್ಟಿಂಗ್ ಸರಿ ಮಾಡುತ್ತದೆ. ಸರೌಂಡ್‌ಗೆ ಇದು ದೊಡ್ಡ ವಿಷಯ ಅಲ್ಲ.

ಡಬ್ಬಿಯ ಹಿಂಭಾಗ ನೋಡಲು ಮಾತ್ರ ಮರೆಯಬೇಡಿ. ಹಿಂದೆ ಗಾಳಿ ಬಿಡುವ ತೂತು ಇದ್ದರೆ, ಅದನ್ನು ಗೋಡೆಗೆ ಒತ್ತಿ ಹಾಕಿದಾಗ ಬೇಸ್ ಗೊಗ್ಗರಾಗುತ್ತದೆ. ಪೂರ್ತಿ ಮುಚ್ಚಿದ ಡಬ್ಬಿ ಅಥವಾ ಮುಂದೆ ತೂತಿರುವುದು ಗೋಡೆಗೆ ಒಳ್ಳೆಯದು. ಸಿಕ್ಕಿದ್ದು ಹಿಂದೆ ತೂತಿರುವುದೇ ಆದರೆ ಅದಕ್ಕೆ ಸ್ಪಾಂಜ್ ತುರುಕಿ. ಹೇಗೂ ಕೆಳಗಿನ ಬೇಸ್ ಸಬ್‌ವೂಫರ್‌ಗೆ ಹೋಗುತ್ತದೆ, ನೀವು ಏನನ್ನೂ ಕಳೆದುಕೊಳ್ಳುವುದಿಲ್ಲ. ನೇತು ಹಾಕಲು ಕೊಕ್ಕೆ ತೂತು ಅಥವಾ ಸ್ಕ್ರೂ ಜಾಗ ಇದೆಯಾ ಅಂತಲೂ ನೋಡಿ. ಇಲ್ಲದಿದ್ದರೆ ಬ್ರಾಕೆಟ್ ಖರ್ಚು ಬೇರೆ.

ಸೆಕೆಂಡ್ ಹ್ಯಾಂಡ್ ಬಗ್ಗೆ ಯಾಕೆ ಒತ್ತಿ ಹೇಳುತ್ತೇನೆ ಅಂದರೆ, ಸ್ಪೀಕರ್ ಬೇಗ ಹಳೆಯದಾಗುವ ವಸ್ತು ಅಲ್ಲ. ಅದರಲ್ಲಿ ಸಾಫ್ಟ್‌ವೇರ್ ಇಲ್ಲ, ಹೊಸ ಎಚ್‌ಡಿಎಂಐ ಬಂತು ಅಂತ ಮೂಲೆ ಸೇರುವುದಿಲ್ಲ. ಮೈ ಮೇಲೆ ಗೀರು ಇದ್ದರೂ ಪಕ್ಕದ ಗೋಡೆಯಲ್ಲಿ ಯಾರು ನೋಡುತ್ತಾರೆ ಅಲ್ವಾ? ನೋಡಲು ಹೋದಾಗ ಮುಂದಿನ ಜಾಲರಿ ತೆಗೆಸಿ. ಕೋನ್ ಸುತ್ತ ಇರುವ ಉಂಗುರವನ್ನು ಬೆರಳಿನಿಂದ ಮೆಲ್ಲಗೆ ಮುಟ್ಟಿ. ರಬ್ಬರ್ ಆಗಿದ್ದರೆ ಮೆತ್ತಗೆ ಬಗ್ಗಿ ವಾಪಸ್ ಬರುತ್ತದೆ. ಫೋಮ್ ಆಗಿದ್ದರೆ ಹಳೆಯದಾದ ಮೇಲೆ ಬೆರಳಿಗೆ ಅಂಟಂಟಾಗಿ ಅಥವಾ ಪುಡಿಪುಡಿಯಾಗಿ ಬರುತ್ತದೆ, ಅದನ್ನು ಅಲ್ಲೇ ಬಿಟ್ಟು ಬನ್ನಿ. ಆಮೇಲೆ ಕೋನ್‌ನ ಎರಡೂ ಬದಿಗೆ ಬೆರಳಿಟ್ಟು ಸಮವಾಗಿ, ಸ್ವಲ್ಪವೇ ಒಳಗೆ ಒತ್ತಿ. ಪರಪರ ಅಂತ ಉಜ್ಜುವ ಸದ್ದು ಬಂದರೆ ಒಳಗಿನ ಕಾಯಿಲ್ ತಾಗುತ್ತಿದೆ ಅಂತ ಅರ್ಥ. ಹಾಡು ಹಾಕಲು ಅಲ್ಲಿ ಏನೂ ಇಲ್ಲದಿದ್ದರೆ, ರಿಮೋಟ್‌ಗೆ ಹಾಕುವ 1.5 ವೋಲ್ಟ್ ಸೆಲ್ ಜೇಬಲ್ಲಿರಲಿ. ಎರಡು ತುಂಡು ವೈರ್‌ನಿಂದ ಸೆಲ್‌ನ ಪ್ಲಸ್ ಅನ್ನು ಕೆಂಪು ಟರ್ಮಿನಲ್‌ಗೆ, ಮೈನಸ್ ಅನ್ನು ಕಪ್ಪಿಗೆ ಒಂದು ಕ್ಷಣ ತಾಗಿಸಿ. ಟಪ್ ಅಂತ ಸದ್ದು ಬಂದು ಕೋನ್ ಜರುಗಿದರೆ ವೂಫರ್ ಬದುಕಿದೆ. ಎರಡೂ ಸ್ಪೀಕರ್‌ನಲ್ಲಿ ಕೋನ್ ಒಂದೇ ದಿಕ್ಕಿಗೆ ಜರುಗಬೇಕು, ಇಲ್ಲದಿದ್ದರೆ ಯಾರೋ ಒಳಗಡೆ ವೈರ್ ಉಲ್ಟಾ ಮಾಡಿದ್ದಾರೆ. ಟ್ವೀಟರ್ ಪರೀಕ್ಷೆ ಸೆಲ್‌ನಲ್ಲಿ ಆಗುವುದಿಲ್ಲ, ಅದಕ್ಕೆ ಹಾಡು ಹಾಕಿ ಕಿವಿ ಹತ್ತಿರ ಇಟ್ಟೇ ಕೇಳಬೇಕು.

ಒಂದು ಎಚ್ಚರಿಕೆ. ಕಂಪ್ಯೂಟರ್‌ಗೆ ಹಾಕುವ, ಒಳಗೆ ಆಂಪ್ಲಿಫೈಯರ್ ಇರುವ ಸ್ಪೀಕರ್ ಅಗ್ಗಕ್ಕೆ ಸಿಕ್ಕಿತು ಅಂತ ತಂದು, ಅದರ ಇನ್‌ಪುಟ್ ಅನ್ನು ರಿಸೀವರ್‌ನ ಸ್ಪೀಕರ್ ಟರ್ಮಿನಲ್‌ಗೆ ಸಿಕ್ಕಿಸಬೇಡಿ. ಎರಡರಲ್ಲಿ ಒಂದು ಸುಟ್ಟು ಹೋಗಬಹುದು. ರಿಸೀವರ್‌ನಲ್ಲಿ ಸರೌಂಡ್ ಪ್ರಿ-ಔಟ್ (ಆಂಪ್ಲಿಫೈ ಆಗದ ಸಿಗ್ನಲ್ ಹೊರಗೆ ಕೊಡುವ ಸಾಕೆಟ್) ಇದ್ದರೆ ಮಾತ್ರ ಅವು ಕೆಲಸಕ್ಕೆ ಬರುತ್ತವೆ.

ವೈರ್‌ಲೆಸ್ ಬೇಡ ಅಂತ ನಾನು ಹೇಳುವುದಕ್ಕೆ ಕಾರಣ ಹೀಗೆ. ಸಿಗ್ನಲ್ ಗಾಳಿಯಲ್ಲಿ ಬಂದರೂ ಸ್ಪೀಕರ್‌ಗೆ ಕರೆಂಟ್ ಬೇಕೇ ಬೇಕು, ಒಂದು ವೈರ್ ಹೋಗಿ ಇನ್ನೊಂದು ಬರುತ್ತದೆ, ಅದೂ ಪ್ಲಗ್ ಪಾಯಿಂಟ್ ಎಲ್ಲಿದೆಯೋ ಅಲ್ಲಿಗೆ. ಒಳಗಿನ ಆಂಪ್ಲಿಫೈಯರ್, ರೇಡಿಯೋ ಭಾಗಕ್ಕೆ ದುಡ್ಡು ಹೋದ ಮೇಲೆ ಡ್ರೈವರ್‌ಗೆ ಉಳಿಯುವುದು ಸ್ವಲ್ಪವೇ. ಬ್ಲೂಟೂತ್ ಅಂತೂ ಸರೌಂಡ್‌ಗೆ ಆಗುವುದೇ ಇಲ್ಲ, ಸದ್ದು ತಡವಾಗಿ ಬರುತ್ತದೆ. ಪರದೆಯಲ್ಲಿ ಗುಂಡು ಹಾರಿ ಆದ ಮೇಲೆ ಪಕ್ಕದಲ್ಲಿ ಪ್ರತಿಧ್ವನಿ ಇನ್ನೊಂದು ಗುಂಡಿನಂತೆ ಕೇಳುತ್ತದೆ.

ತಾಮ್ರದ 16 ಗೇಜ್ ವೈರ್ ತಗೊಳ್ಳಿ. ನಿಮ್ಮ ಹಾಲ್‌ನಲ್ಲಿ ಒಂದು ಕಡೆಗೆ 8 ಮೀಟರ್ ಬೇಕಾಗಬಹುದು. ಹೋಗಿ ಬರುವ ಎರಡೂ ಎಳೆ ಸೇರಿ 0.2 ಓಮ್ ಆಸುಪಾಸು. 8 ಓಮ್ ಸ್ಪೀಕರ್‌ಗೆ ವೈರ್ ತಡೆ 5 ಶೇಕಡಾ, ಅಂದರೆ 0.4 ಓಮ್ ಒಳಗಿದ್ದರೆ ಚಿಂತೆ ಇಲ್ಲ. ಇದಕ್ಕಿಂತ ದುಬಾರಿ ವೈರ್ ಸುಮ್ನೆ ದಂಡ. ಅಗ್ಗದ ವೈರ್‌ನಲ್ಲಿ ಅಲ್ಯೂಮಿನಿಯಂಗೆ ತಾಮ್ರದ ಲೇಪನ ಮಾಡಿರುತ್ತಾರೆ, ತಡೆ ಜಾಸ್ತಿ. ಅದನ್ನೇ ತಗೊಂಡರೆ ಒಂದು ಸೈಜ್ ದಪ್ಪದ್ದು, 14 ಗೇಜ್ ಇರಲಿ. ಗೋಡೆಯ ಬುಡದಲ್ಲಿ ಪಿವಿಸಿ ಕೇಸಿಂಗ್ ಪಟ್ಟಿ ಹೊಡೆದು ಗೋಡೆ ಬಣ್ಣವನ್ನೇ ಬಳಿದರೆ ಕಣ್ಣಿಗೆ ಬೀಳುವುದಿಲ್ಲ. ಎರಡೂ ಕಡೆ ಕೆಂಪು ಕೆಂಪಿಗೆ, ಕಪ್ಪು ಕಪ್ಪಿಗೇ ಹೋಗಿದೆಯಾ ಅಂತ ಎರಡು ಸಲ ನೋಡಿ.

7.1 ಯಾಕೆ ಬೇಡ ಅಂದರೆ, ಆ ಹೆಚ್ಚುವರಿ ಜೋಡಿ 135ರಿಂದ 150 ಡಿಗ್ರಿಯಲ್ಲಿ, ಅಂದರೆ ನಿಮ್ಮ ಬೆನ್ನ ಹಿಂದೆ ಸಾಕಷ್ಟು ದೂರದಲ್ಲಿ ಇರಬೇಕು. ಅಲ್ಲಿ ನಿಮಗೆ ಗೋಡೆ ಇದೆ. ಮುಗಿಯಿತು.

ಈಗ ಸೆಟ್ಟಿಂಗ್. ಮೈಕ್ ಇಟ್ಟು ಮಾಡುವ ಆಟೋ ಸೆಟಪ್ ರಿಸೀವರ್‌ನಲ್ಲಿ ಇದ್ದರೆ, ಮೈಕನ್ನು ಸೋಫಾದ ಕುಶನ್ ಮೇಲೆ ಇಡಬೇಡಿ. ಕಿವಿ ಎತ್ತರಕ್ಕೆ, ಟ್ರೈಪಾಡ್ ಮೇಲೆ ಇಡಿ. ಫ್ಯಾನ್ ಆಫ್ ಇರಲಿ. ಮುಗಿದ ಮೇಲೆ ಮೆನು ತೆರೆದು ನೋಡಿ. ಸರೌಂಡ್ ಅನ್ನು ಲಾರ್ಜ್ ಅಂತಲೋ, 40 ಹರ್ಟ್ಸ್ ಅಂತಲೋ ಹಾಕಿರಬಹುದು. ಸ್ಮಾಲ್ ಮಾಡಿ, ಕ್ರಾಸ್‌ಓವರ್ (ಯಾವ ಹರ್ಟ್ಸ್‌ನಿಂದ ಕೆಳಗೆ ಸಬ್‌ವೂಫರ್‌ಗೆ ಹೋಗಬೇಕು ಅನ್ನುವುದು) 5 ಇಂಚಿಗೆ 80, 4 ಇಂಚಿಗೆ 100 ಅಥವಾ 120 ಇಡಿ. ಸ್ಮಾಲ್ ಅಂದರೆ ಕೀಳು ಅಂತಲ್ಲ, ಭಾರದ ಬೇಸ್ ಸಬ್‌ವೂಫರ್‌ಗೆ ಕಳಿಸು ಅಂತ ಅಷ್ಟೇ. ಮೈಕ್ ಇಲ್ಲದಿದ್ದರೆ ಟೇಪ್ ಹಿಡಿದು ಒಂದೊಂದು ಸ್ಪೀಕರ್‌ನ ದೂರ ಅಳೆದು ಹಾಕಿ, ಟೆಸ್ಟ್ ಟೋನ್ ಬಿಟ್ಟು ಮೊಬೈಲ್‌ನ ಸೌಂಡ್ ಮೀಟರ್ ಆ್ಯಪ್‌ನಲ್ಲಿ ಐದೂ ಸಮ ಬರುವಂತೆ ಮಾಡಿ. ಆ್ಯಪ್ ತೋರಿಸುವ ನಂಬರ್ ನಿಖರ ಇರಬೇಕಾಗಿಲ್ಲ, ಐದೂ ಒಂದೇ ನಂಬರ್ ಇದ್ದರೆ ಸಾಕು.

ಹೊಸದರಲ್ಲಿ ಎಲ್ಲರೂ ಸರೌಂಡ್ ಜೋರು ಮಾಡುತ್ತಾರೆ, ದುಡ್ಡು ಕೊಟ್ಟಿದ್ದೇವೆ, ಕೇಳಬೇಕಲ್ಲ ಅಂತ. ಒಂದೆರಡು ಡೆಸಿಬಲ್ ಏರಿಸಿದರೆ ಪರವಾಗಿಲ್ಲ. ಸಿನಿಮಾ ನಡುವೆ ಮನೆಯವರು ಪದೇಪದೇ ಪಕ್ಕಕ್ಕೆ ತಿರುಗಿ ನೋಡುತ್ತಿದ್ದರೆ ಜಾಸ್ತಿ ಆಗಿದೆ, ಇಳಿಸಿ.

ಎಲ್ಲಕ್ಕಿಂತ ಮೊದಲು, ರಿಸೀವರ್‌ಗೆ ನಿಜವಾಗಿ 5.1 ಬರುತ್ತಿದೆಯಾ ನೋಡಿ. ಟಿವಿಯ ಆಡಿಯೋ ಸೆಟ್ಟಿಂಗ್ ಪಿಸಿಎಂ ಅಂತ ಇದ್ದರೆ ಹಲವು ಟಿವಿಗಳು ಎರಡೇ ಚಾನೆಲ್ ಕಳಿಸುತ್ತವೆ, ಅದನ್ನು ಬಿಟ್‌ಸ್ಟ್ರೀಮ್ ಅಥವಾ ಪಾಸ್‌ಥ್ರೂ ಮಾಡಿ. ರಿಸೀವರ್ ಮುಖದ ಮೇಲೆ ಡಾಲ್ಬಿ ಡಿಜಿಟಲ್ ಅಥವಾ ಡಿಟಿಎಸ್ ಅಂತ ಬರಬೇಕು. ಎರಡು ಚಾನೆಲ್ ಬರುತ್ತಾ, ಮಲ್ಟಿ ಚಾನೆಲ್ ಸ್ಟೀರಿಯೋ ಮೋಡ್‌ನಲ್ಲಿ ಐದೂ ಸ್ಪೀಕರ್ ಒಂದೇ ಹಾಡು ಹಾಡುತ್ತಿದ್ದರೆ ಅದು ಸರೌಂಡ್ ಅಲ್ಲ. ಎಷ್ಟೋ ಮನೆಗಳಲ್ಲಿ ಸ್ಪೀಕರ್ ಸರಿ ಇಲ್ಲ ಅಂತ ಬದಲಾಯಿಸಲು ಹೊರಟವರ ತೊಂದರೆ ಇದೊಂದೇ ಆಗಿರುತ್ತದೆ.

ಉಳಿದಿರುವ ದುಡ್ಡಿಗೆ ಒಳ್ಳೆಯ ಜೋಡಿ ಹೊಸದರಲ್ಲೂ ಇಲ್ಲ, ಹಳೆಯದರಲ್ಲೂ ಸಿಗಲಿಲ್ಲ ಅಂದರೆ ಏನೋ ಒಂದು ತಂದು ಹಾಕಬೇಡಿ. ರಿಸೀವರ್‌ನಲ್ಲಿ ಸರೌಂಡ್ ಇಲ್ಲ ಅಂತ ಸೆಟ್ ಮಾಡಿ, ಆ ಚಾನೆಲ್‌ಗಳ ಸದ್ದನ್ನು ಅದು ಮುಂದಿನ ಸ್ಪೀಕರ್‌ಗಳಿಗೆ ಸೇರಿಸಿ ಕೊಡುತ್ತದೆ, ಏನೂ ತಪ್ಪಿ ಹೋಗುವುದಿಲ್ಲ. ನಿಮ್ಮ ಮುಂದಿನ ಮೂರು ಮತ್ತು ಸಬ್‌ವೂಫರ್ ಆಗಲೇ ಚೆನ್ನಾಗಿವೆ, ಒಳ್ಳೆಯ ಜೋಡಿ ಸಿಗುವವರೆಗೂ ಅವುಗಳಲ್ಲೇ ನೆಮ್ಮದಿಯಾಗಿ ಸಿನಿಮಾ ನೋಡಬಹುದು. ಕೇಸಿಂಗ್ ಮತ್ತು ವೈರ್ ಮಾತ್ರ ಈಗಲೇ ಎಳೆದಿಡಿ.